ಮಾದರಿ ವಿಮಾನದ ಹಿತ್ತಾಳೆ ಕಾಲು ಕುಸಿದಾಗ ದೋಷ ಪತ್ತೆ ಹಚ್ಚುವ ಬಗೆ

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಹತ್ತಿರ ಈಗ ಟುಪೊಲೆವ್ ಟಿಯು-142 ವಿಮಾನವೂ ಬಂದು ನಿಂತಿದೆ. ನೌಕಾಪಡೆಯಲ್ಲಿ 1988ರಿಂದ ಸೇವೆಯಲ್ಲಿದ್ದು, 2017ರ ಮಾರ್ಚ್ 29ರಂದು ಅರಕ್ಕೋಣಂನಲ್ಲಿ ನಿವೃತ್ತಿ ಪಡೆದ ಪಡೆಯ ವಿಮಾನ ಅದು. ಸಂಜೆ ಅದರ ಕೆಳಗೆ ನಿಂತು ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಅದರ ಉದ್ದನೆಯ ದೇಹ, ಆಮೇಲೆ ಒಂದರ ಹಿಂದೆ ಒಂದು ಎದುರು ದಿಕ್ಕಿಗೆ ತಿರುಗುವ ಜೋಡಿ ಪ್ರೊಪೆಲ್ಲರುಗಳು. ನನ್ನ ಕಣ್ಣು ಮಾತ್ರ ಕಾಲುಗಳ ಮೇಲೆಯೇ ನಿಂತಿತು. ಪ್ರೊಪೆಲ್ಲರಿನ ವ್ಯಾಸವೇ 5.6 ಮೀಟರ್. ಅದು ನೆಲಕ್ಕೆ ತಾಗಬಾರದೆಂದರೆ ಕಾಲು ಉದ್ದವಾಗಿರಲೇಬೇಕು. ಮುಖ್ಯ ಕಾಲೊಂದಕ್ಕೆ ನಾಲ್ಕು ಚಕ್ರ, ಮೂಗಿನ ಕಾಲಿಗೆ ಎರಡು. ಮುಖ್ಯ ಕಾಲುಗಳು ಹಿಂದಕ್ಕೆ ಮಡಚಿಕೊಂಡು ಒಳ ಎಂಜಿನ್ನುಗಳ ಹಿಂದಿನ ಗೂಡುಗಳೊಳಗೆ ಸೇರುತ್ತವೆ.

ಈ ವಿಮಾನವನ್ನು 48ನೆಯ ಒಂದು ಪಾಲಿನ ಅಳತೆಯಲ್ಲಿ ಪ್ಲೈವುಡ್, ಬಾಲ್ಸಾ ಮತ್ತು ಫೈಬರ್‌ಗ್ಲಾಸ್‌ನಿಂದ ಕಟ್ಟಿದೆ. ಹಾರಿಸುವುದಕ್ಕಲ್ಲ, ಮೇಜಿನ ಮೇಲೆ ನಿಲ್ಲಿಸಿ ನೋಡುವುದಕ್ಕೆ. ರೆಕ್ಕೆಯ ಹರವು 1,040 ಮಿ.ಮೀ., ತೂಕ 3 ಕಿಲೋ 400 ಗ್ರಾಂ. ಇಷ್ಟು ಭಾರವನ್ನು ಪ್ಲಾಸ್ಟಿಕ್ ಕಾಲು ಹೊರುವುದಿಲ್ಲವಾದ್ದರಿಂದ ಕಾಲುಗಳನ್ನು ಹಿತ್ತಾಳೆಯಲ್ಲಿ ಕೈಯಾರೆ ಮಾಡಿದೆ. ಮೇಲಿನ ತುಂಡು 6 ಮಿ.ಮೀ. ಹಿತ್ತಾಳೆ ಕೊಳವೆ, ಅದರ ಒಳವ್ಯಾಸ 5 ಮಿ.ಮೀ. ಅದರೊಳಗೆ ಬಿಗಿಯಾಗಿ ಕೂರುವ 5 ಮಿ.ಮೀ. ಕೊಳವೆಗೆ ಹಳೆಯ ರೇಡಿಯೋದ ಆಂಟೆನಾ ಕತ್ತರಿಸಿದೆ. ಆಂಟೆನಾದ ಹೊಳಪು ವಿಮಾನದ ಆಘಾತ ತಾಳುವ ಸರಳಿನ ಹೊಳಪನ್ನೇ ಹೋಲುತ್ತದೆ, ಬಣ್ಣ ಬಳಿದು ಅಂಥ ಹೊಳಪು ತರುವುದು ಕಷ್ಟ. ಚಕ್ರಗಳ ಅಚ್ಚಿಗೆ ಸೈಕಲ್ಲಿನ ಕಡ್ಡಿ.

ಆರಿದ್ರಾ ಮಳೆ ಹಿಡಿದ ವಾರದಲ್ಲಿ ವಿಮಾನ ಎಡಕ್ಕೆ ವಾಲಿತು. ನಾನು ಮಾಡಿದ ಮೊದಲ ರಿಪೇರಿ ತಪ್ಪಾಗಿತ್ತು, ಎರಡನೆಯದು ಸರಿಯಾಯಿತು. ಅವೆರಡರ ನಡುವೆ ಕಲಿತದ್ದನ್ನು, ದೊಡ್ಡ ಮಾದರಿಗಳಿಗೆ ಲೋಹದ ಕಾಲು ಮಾಡುವವರಿಗೆ ಉಪಯೋಗವಾಗಲೆಂದು, ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಅನುಮಾನ ಮೇಜಿನ ಮೇಲಿರಲಿ

ವಿಮಾನ ವಾಲಿದೆ ಎಂದು ಕಂಡೊಡನೆ ಕಾಲು ಬಿಚ್ಚಬೇಡಿ. ಮೂಗು ಎತ್ತ ಇತ್ತೋ ಅತ್ತ ಬಾಲ ಬರುವಂತೆ ಇಡೀ ಮಾದರಿಯನ್ನು ಅದೇ ಜಾಗದಲ್ಲಿ ತಿರುಗಿಸಿ ಇಡಿ. ಮೊದಲು ತಗ್ಗಿದ್ದ ರೆಕ್ಕೆಯೇ ಈಗಲೂ ತಗ್ಗಿದ್ದರೆ ದೋಷ ಮಾದರಿಯದು. ಈಗ ಇನ್ನೊಂದು ರೆಕ್ಕೆ ತಗ್ಗಿತೋ, ದೋಷ ಮೇಜಿನದು. ಕರಾವಳಿಯ ಮನೆಗಳಲ್ಲಿ ಮಳೆಗಾಲಕ್ಕೆ ಮರದ ಮೇಜು ಸೊಟ್ಟಗಾಗುವುದು ಹೊಸದೇನಲ್ಲ. ಆದ್ದರಿಂದ ಅಳತೆಯ ಕೆಲಸವನ್ನೆಲ್ಲ ದಪ್ಪ ಗಾಜಿನ ಹಲಗೆಯ ಮೇಲೋ ಪಾಲಿಶ್ ಮಾಡಿದ ಗ್ರಾನೈಟ್ ತುಂಡಿನ ಮೇಲೋ ಮಾಡುವುದು ಒಳ್ಳೆಯದು.

ನಂತರ ಎರಡೂ ರೆಕ್ಕೆತುದಿಗಳು ಗಾಜಿನಿಂದ ಎಷ್ಟು ಎತ್ತರದಲ್ಲಿವೆ ಎಂದು ಅಳೆಯಿರಿ. ಕಾಲಿನಲ್ಲಿ ಕಾಣಿಸದ ದೋಷವನ್ನು ರೆಕ್ಕೆತುದಿ ಹಿಗ್ಗಿಸಿ ತೋರಿಸುತ್ತದೆ. ನನ್ನ ಮಾದರಿಯಲ್ಲಿ ಎರಡು ಮುಖ್ಯ ಕಾಲುಗಳ ನಡುವಿನ ದೂರ 260 ಮಿ.ಮೀ., ರೆಕ್ಕೆಯ ಹರವು ಅದರ ನಾಲ್ಕು ಪಟ್ಟು. ಹಾಗಾಗಿ ಒಂದು ಕಾಲು ಒಂದೂವರೆ ಮಿ.ಮೀ. ಗಿಡ್ಡವಾದರೆ ತುದಿಗಳ ನಡುವೆ ಆರು ಮಿ.ಮೀ. ವ್ಯತ್ಯಾಸ ಬರುತ್ತದೆ. ಈ ಲೆಕ್ಕವನ್ನು ಹಿಮ್ಮುಖವಾಗಿ ಬಳಸಿದರೆ ಕಾಲನ್ನು ಮುಟ್ಟದೆಯೇ ಅದು ಎಷ್ಟು ಕುಸಿದಿದೆ ಎಂದು ಹೇಳಬಹುದು. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕುಸಿತ ಯಾವ ವೇಗದಲ್ಲಿ ಬರುತ್ತದೆ

ದೋಷದ ಜಾಗವನ್ನು ಹೇಳುವುದು ಕುಸಿತದ ಪ್ರಮಾಣಕ್ಕಿಂತ ಅದರ ವೇಗ. ಇದೊಂದನ್ನು ನಾನು ಮೊದಲೇ ತಿಳಿದಿದ್ದರೆ ಒಂದು ತಿಂಗಳ ಕೆಲಸ ಉಳಿಯುತ್ತಿತ್ತು.

ರೆಕ್ಕೆಯ ಮೇಲೆ, ಕಾಲಿನ ನೇರಕ್ಕೆ, ಅರ್ಧ ಕಿಲೋ ತೂಕದ ಕಲ್ಲನ್ನು ಮೆಲ್ಲಗೆ ಇಡಿ. ಕಾಲು ಕೂಡಲೇ ಬಾಗಿ, ಕಲ್ಲು ತೆಗೆದೊಡನೆ ಮೊದಲಿನ ಅಳತೆಗೆ ಮರಳಿದರೆ ಲೋಹ ಗಟ್ಟಿಯಾಗಿಯೇ ಇದೆ, ಆದರೆ ಆಕಾರ ಸಾಲದು. ಇಂಥ ಕಡೆ ದಪ್ಪ ಮುಖ್ಯ. ಬಾಗುವಿಕೆಯನ್ನು ತಡೆಯುವ ಶಕ್ತಿ ವ್ಯಾಸದ ನಾಲ್ಕನೆಯ ಘಾತಕ್ಕೆ ಏರುತ್ತದೆ. 6 ಮಿ.ಮೀ. ಹೊರವ್ಯಾಸದ, 5 ಮಿ.ಮೀ. ಒಳವ್ಯಾಸದ ಟೊಳ್ಳು ಕೊಳವೆಯು 4 ಮಿ.ಮೀ. ಗಟ್ಟಿ ಸರಳಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಬಿಗಿ, ತೂಕದಲ್ಲಿ ಮಾತ್ರ ಅದಕ್ಕಿಂತ ಹಗುರ. ಕಾಲು ಬಳುಕುತ್ತದೆ ಎಂದು ಸಣ್ಣ ಗಟ್ಟಿ ಸರಳಿಗೆ ಬದಲಾಯಿಸಿದವರು ಬಹಳ ಮಂದಿ. ಅದು ತಿರುಗಿ ಬೀಳುವ ಔಷಧ.

ಕಲ್ಲು ತೆಗೆದ ಮೇಲೂ ಕಾಲು ಬಾಗಿಯೇ ಉಳಿದರೆ ಲೋಹ ಮೆತ್ತಗಾಗಿದೆ ಎಂದು ಅರ್ಥ. ಅಂಗಡಿಯಿಂದ ತಂದ ಹಿತ್ತಾಳೆ ಕೊಳವೆ ಗಟ್ಟಿಯಾಗಿರುವುದು ಅದನ್ನು ತಣ್ಣಗೆ ಎಳೆದು ಮಾಡಿರುವುದರಿಂದ. ಅದನ್ನು ಮಂಕು ಕೆಂಪಗಾಗುವಷ್ಟು ಕಾಸಿದರೆ ಆ ಗಡಸು ಹೋಗುತ್ತದೆ. ನೀರಿನಲ್ಲಿ ಅದ್ದಿದರೆ ಉಕ್ಕಿನಂತೆ ಗಡಸು ಮರಳುತ್ತದೆ ಎಂಬ ನಂಬಿಕೆ ಹಿತ್ತಾಳೆಯ ಮಟ್ಟಿಗೆ ಸುಳ್ಳು. ಬಡಿದೋ ಎಳೆದೋ ಮಾತ್ರ ಅದನ್ನು ಮತ್ತೆ ಗಟ್ಟಿ ಮಾಡಲು ಸಾಧ್ಯ.

ಕಲ್ಲು ಇಟ್ಟಾಗ ಏನೂ ಆಗದೆ, ದಿನಗಟ್ಟಲೆ ವಾರಗಟ್ಟಲೆ ಕಾಲು ಇಳಿಯುತ್ತಾ ಹೋದರೆ ಅನುಮಾನ ಬೆಸುಗೆಯ ಮೇಲೆ. ತವರ ಮತ್ತು ಸೀಸದ ಸಾಮಾನ್ಯ ಸಾಲ್ಡರ್ 183 ಡಿಗ್ರಿಗೆ ಕರಗಲು ತೊಡಗುತ್ತದೆ. ಅಷ್ಟು ಕಡಿಮೆ ಶಾಖಕ್ಕೆ ಕರಗುವ ಲೋಹಕ್ಕೆ ಕಾರವಾರದ ಕೋಣೆಯ 30 ಡಿಗ್ರಿಯೂ ಕಡಿಮೆಯೇನಲ್ಲ. ಸದಾ ಹೊರೆ ಬಿದ್ದಿದ್ದರೆ ಅದು ಬಹಳ ನಿಧಾನವಾಗಿ ಹರಿಯುತ್ತದೆ. ಒಂದು ನಿಮಿಷದ ಪರೀಕ್ಷೆಯಲ್ಲಿ ಪಾಸಾದ ಬೆಸುಗೆ ಒಂದು ತಿಂಗಳಲ್ಲಿ ಸೋಲುವುದು ಹೀಗೆ.

ಮಳೆ ಬಂದಾಗ ಇಳಿದು ಬಿಸಿಲು ಬಿದ್ದಾಗ ಏರಿದರೆ ಲೋಹವನ್ನು ಬಿಟ್ಟು ಮರವನ್ನು ನೋಡಿ. ಕಾಲನ್ನು ಹಿಡಿದಿರುವ ಪ್ಲೈವುಡ್ ಕಟ್ಟೆ ತೇವ ಕುಡಿದು ಉಬ್ಬಿರುತ್ತದೆ, ಇಲ್ಲವೇ ಅದರ ಪದರಗಳು ಬಿಟ್ಟಿರುತ್ತವೆ. ಪದರದ ಅಂಚುಗಳಿಗೆ ತೆಳು ಎಪಾಕ್ಸಿ ಅಂಟು ಕುಡಿಸಿರದಿದ್ದರೆ ಕರಾವಳಿಯಲ್ಲಿ ಇದು ಇಂದಲ್ಲ ನಾಳೆ ಬಂದೇ ಬರುತ್ತದೆ.

ನನ್ನ ಮಾದರಿಯಲ್ಲಿ ಆದದ್ದು

ಮಳೆಗಾಲದಲ್ಲಿ ವಾಲಿತಲ್ಲ, ತೇವದಿಂದ, ಕಾಲಿಗೆ ಅಡ್ಡಲಾಗಿ ಆಸರೆ ಕೊಡುವ ಊರುಗೋಲಿನ ಬೆಸುಗೆ ಬಿಟ್ಟಿರಬೇಕು ಎಂದು ನಾನು ಎಣಿಸಿದೆ. ಅಳೆಯಲಿಲ್ಲ. ಎಡಗಾಲನ್ನು ಪೂರ್ತಿ ಬಿಚ್ಚಿ, ಊರುಗೋಲಿಗೆ ಬೆಳ್ಳಿ ಬೆಸುಗೆ ಹಾಕಿಸಲು ನಮ್ಮ ಓಣಿಯ ಹಿರಿಯ ಅಕ್ಕಸಾಲಿಗರ ಬಳಿ ಒಯ್ದೆ. ಅವರು ಕೊಳವೆಯನ್ನು ಬೆರಳಲ್ಲಿ ಹೊರಳಿಸಿ ನೋಡಿ, "ತಮ್ಮಾ, ಇದಕ್ಕೆ ಬೆಳ್ಳಿ ಬೆಸುಗೆ ಹತ್ತಬೇಕಾದರೆ ಕೆಂಪಗೆ ಕಾಸಬೇಕು. ಕಾಸಿದ ಹಿತ್ತಾಳೆ ಮೆತ್ತಗಾಗುತ್ತದೆ. ಬಳೆಗೆ ಅದು ನಡೆಯುತ್ತದೆ, ಭಾರ ಹೊರುವ ಕಾಲಿಗೆ ನಡೆಯುತ್ತದೆಯೇ ವಿಚಾರ ಮಾಡು" ಎಂದರು. ನಾನು ಹಾಕಿಕೊಡಿ ಎಂದೆ. ಬಿಳಿಗಾರ ಹಚ್ಚಿ, ಊದಿ, ಕೂದಲೆಳೆಯಷ್ಟು ತೆಳ್ಳಗಿನ ಅಚ್ಚುಕಟ್ಟಾದ ಬೆಸುಗೆ ಹಾಕಿಕೊಟ್ಟರು. ಮನೆಗೆ ಬಂದು ಆಂಟೆನಾ ಕೊಳವೆಯನ್ನು ಮೊದಲಿನಂತೆ ಒಳಗೆ ತೂರಿಸಿ, ಹೊಳೆಯುವ ಭಾಗ 14 ಮಿ.ಮೀ. ಹೊರಗೆ ಕಾಣುವಂತೆ ಇಟ್ಟು, ಮೇಲಿನ ಕೊಳವೆಯ ಬಾಯಿಗೆ ಸಾಧಾರಣ ಸಾಲ್ಡರ್ ಹಾಕಿದೆ. ವಿಮಾನ ನೆಟ್ಟಗೆ ನಿಂತಿತು.

ವಾರದೊಳಗೆ ಮತ್ತೆ ಎಡಕ್ಕೆ ವಾಲಿತು.

ಆಗ ನೋಟ್‌ಬುಕ್ ಹಿಡಿದೆ. ದಿನವೂ ಬೆಳಿಗ್ಗೆ ಎರಡೂ ರೆಕ್ಕೆತುದಿಗಳ ಎತ್ತರ, ಪಕ್ಕದಲ್ಲಿ ಅಂದಿನ ಹವೆ. ಮೊದಲ ದಿನ ವ್ಯತ್ಯಾಸ 2 ಮಿ.ಮೀ., ಒಂದು ವಾರಕ್ಕೆ ಮೂರೂವರೆ, ಎರಡು ವಾರಕ್ಕೆ 5, ಮೂರು ವಾರಕ್ಕೆ 6. ನಡುವೆ ಎರಡು ದಿನ ಒಳ್ಳೆಯ ಬಿಸಿಲು ಬಿದ್ದಿತ್ತು. ಆ ಎರಡು ದಿನವೂ ಅಳತೆ ಹಿಂದಕ್ಕೆ ಬರಲಿಲ್ಲ. ಮಳೆಯ ಮೇಲೆ ಹೊರಿಸಿದ್ದ ತಪ್ಪು ಅಲ್ಲಿಗೆ ಇಳಿಯಿತು. ಮರವಾಗಿದ್ದರೆ ಏರಿಳಿತ ಇರಬೇಕಿತ್ತು. ಇದು ಒಂದೇ ದಿಕ್ಕಿನಲ್ಲಿ ಇಳಿಯುತ್ತಿದ್ದ ಕಾಲು.

6 ಮಿ.ಮೀ.ಯನ್ನು ನಾಲ್ಕರಿಂದ ಭಾಗಿಸಿದರೆ ಒಂದೂವರೆ. ಎಡಗಾಲು ಎಲ್ಲೋ ಒಂದೂವರೆ ಮಿ.ಮೀ. ಗಿಡ್ಡವಾಗಿರಲೇಬೇಕು. ವರ್ನಿಯರ್ ಹಿಡಿದು ಕಾಲನ್ನು ತುಂಡು ತುಂಡಾಗಿ ಅಳೆಯುತ್ತಾ ಬಂದೆ. ಊರುಗೋಲು ಸರಿ. ಅಚ್ಚು ಸರಿ. ಚಕ್ರಗಳ ಹಿಂದೆ, ಕತ್ತರಿಯಾಕಾರದ ಕೊಂಡಿಯ ಮರೆಯಲ್ಲಿದ್ದ ಹೊಳೆಯುವ ಸರಳು ಬಲಗಾಲಿನಲ್ಲಿ 14 ಮಿ.ಮೀ., ಎಡಗಾಲಿನಲ್ಲಿ ಹನ್ನೆರಡೂವರೆ. ಹುಡುಕುತ್ತಿದ್ದ ಒಂದೂವರೆ ಅಲ್ಲಿ ಸಿಕ್ಕಿತು. ಒಳಗಿನ ಕೊಳವೆ ಮೇಲಿನ ಕೊಳವೆಯೊಳಕ್ಕೆ ಜಾರುತ್ತಿತ್ತು.

ಕಾಲನ್ನು ಬಿಚ್ಚಿ, ಕಾಯಿಸದೆಯೇ, ಒಳಗಿನ ಕೊಳವೆಯನ್ನು ಬಟ್ಟೆ ಸುತ್ತಿದ ಇಕ್ಕಳದಲ್ಲಿ ಹಿಡಿದು ತಿರುಗಿಸಿದೆ. ತಿರುಗಿತು. ಎಳೆದೆ, ಬಂತು. ಕೊಳವೆಯ ಬಾಯಲ್ಲಿ ಸಾಲ್ಡರ್ ಬಳೆಯಂತೆ ಇಡಿಯಾಗಿ ಉಳಿದಿತ್ತು. ಅಕ್ಕಸಾಲಿಗರ ಭೂತಗನ್ನಡಿಯಲ್ಲಿ ಆ ಬಳೆಯ ಒಳಮೈ ನೋಡಿದರೆ ಕನ್ನಡಿಯಷ್ಟು ನಯ. ಎಲ್ಲೂ ಹರಿದ ಗುರುತಿಲ್ಲ, ಒರಟಿಲ್ಲ. ಹತ್ತಿದ ಬೆಸುಗೆಯನ್ನು ಕಿತ್ತರೆ ಮೈ ಒರಟಾಗಿ, ಬೂದಿ ಬಣ್ಣವಾಗಿ ಕಾಣಬೇಕು. ಇದು ಹತ್ತಿಯೇ ಇರಲಿಲ್ಲ. ಹೊರಗಿನ ಹಿತ್ತಾಳೆಗೆ ಅಂಟಿ, ಒಳಗಿನ ಕೊಳವೆಯನ್ನು ಬರೀ ಅಪ್ಪಿಕೊಂಡಿತ್ತು.

ಕಾರಣ ಕ್ರೋಮಿಯಂ. ರೇಡಿಯೋ ಆಂಟೆನಾ ಒಳಗೆ ಹಿತ್ತಾಳೆಯಾದರೂ ಹೊರಗೆ ಕ್ರೋಮಿಯಂ ಲೇಪ. ಕ್ರೋಮಿಯಂ ಗಾಳಿಗೆ ಒಡ್ಡಿದ ಕೂಡಲೇ ಅದರ ಮೇಲೆ ತೆಳುವಾದ, ಬಹಳ ಗಟ್ಟಿ ಆಕ್ಸೈಡ್ ಪದರ ಕೂರುತ್ತದೆ. ನಾವು ಬಳಸುವ ರೋಸಿನ್ ಫ್ಲಕ್ಸ್ (ಬೆಸುಗೆ ಹತ್ತಲೆಂದು ಲೋಹದ ಮೈ ಶುಚಿ ಮಾಡುವ ರಾಳ) ಅದನ್ನು ಕರಗಿಸಲಾರದು. ಸಾಲ್ಡರ್ ಅದರ ಮೇಲೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ನಿಲ್ಲುತ್ತದೆ. ಬಲಗಾಲು ಏಕೆ ಜಾರಲಿಲ್ಲ ಎಂಬ ಪ್ರಶ್ನೆಗೂ ಉತ್ತರ ಅಲ್ಲೇ ಇತ್ತು. ಬಲಗಾಲಿನ ಕೊಳವೆ ಮೊದಲು ತುಸು ಬಿಗಿಯಾಗಿತ್ತು, ಅರದಿಂದ ತುದಿಯನ್ನು ಉಜ್ಜಿ ಕೂರಿಸಿದ್ದೆ. ಉಜ್ಜಿದಾಗ ಲೇಪ ಹೋಗಿ ಹಳದಿ ಹಿತ್ತಾಳೆ ಹೊರಬಂದಿತ್ತು. ಆಂಟೆನಾ ಬಳಸುವವರು ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ. ಬೆಸುಗೆ ಬೀಳುವ ಜಾಗದಲ್ಲಿ ಬೆಳ್ಳಿ ಬಣ್ಣ ಪೂರ್ತಿ ಹೋಗಿ ಹಳದಿ ಕಾಣುವವರೆಗೆ ಉಜ್ಜಬೇಕು. ಲೇಪದ ಕೆಳಗೆ ನಿಕ್ಕಲ್ ಪದರವಿದ್ದು ಮಸುಕು ಬೆಳ್ಳಿ ಬಣ್ಣ ಕಂಡರೆ ಮೋಸ ಹೋಗಬೇಡಿ, ಇನ್ನಷ್ಟು ಉಜ್ಜಿ.

ಇಷ್ಟರಲ್ಲಿ ಎರಡನೆಯ ದೋಷವೂ ಬಯಲಾಯಿತು. ಕಲ್ಲಿನ ಪರೀಕ್ಷೆ ಮಾಡಿದಾಗ ಎಡಗಾಲು ಅರ್ಧ ಮಿ.ಮೀ. ಹಿಂದಕ್ಕೆ ಬಾಗಿ ಹಾಗೆಯೇ ಉಳಿಯಿತು. ಅಕ್ಕಸಾಲಿಗರು ಎಚ್ಚರಿಸಿದ್ದ ಮೆತ್ತಗಿನ ಹಿತ್ತಾಳೆ. ಆ ದೋಷ ಮೊದಲು ಇರಲಿಲ್ಲ. ರೋಗ ಗೊತ್ತಿಲ್ಲದೆ ಮಾಡಿದ ಚಿಕಿತ್ಸೆಯಿಂದ ಬಂದದ್ದು.

ಒಂದೇ ರಿಪೇರಿಯಲ್ಲಿ ಎರಡೂ ದೋಷ

ಸಾಲ್ಡರ್ ಮೇಲೆ ಭಾರ ಬೀಳಬಾರದು. ಲೋಹ ಲೋಹದ ಮೇಲೆ ಕೂತು ಭಾರ ಹೊರಬೇಕು, ಸಾಲ್ಡರ್ ಅದನ್ನು ಅಲುಗಾಡದಂತೆ ಹಿಡಿದಿದ್ದರೆ ಸಾಕು. ಮೇಲಿನ ಕೊಳವೆಯ ಉದ್ದ 55 ಮಿ.ಮೀ., ಅದರಲ್ಲಿ ಒಳಗಿನ ಕೊಳವೆ 25 ಮಿ.ಮೀ. ಒಳಸೇರುತ್ತದೆ. ಉಳಿದ 30 ಮಿ.ಮೀ. ಟೊಳ್ಳು. ಆ ಟೊಳ್ಳಿಗೆ ಸರಿಯಾಗಿ ಕೂರುವ ಉಕ್ಕಿನ ತುಂಡು ಬೇಕಿತ್ತು. ಮೊಂಡಾದ 5 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂಬದಿಯ ದುಂಡನೆಯ ಭಾಗ ಅದಕ್ಕೆ ಹೇಳಿ ಮಾಡಿಸಿದಂತಿದೆ. ನೇರ, ಗಟ್ಟಿ, ಪ್ರತಿ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವಂಥದು. ಕತ್ತರಿಸುವ ಚಕ್ರದಿಂದ 30 ಮಿ.ಮೀ. ತುಂಡು ಮಾಡಿ, ಎರಡೂ ಮುಖಗಳನ್ನು ಚಪ್ಪಟೆಗೊಳಿಸಿ, ಎಪಾಕ್ಸಿ ಸವರಿ ಒಳಗೆ ಇಳಿಸಿದೆ. ಅದರ ಮೇಲಿನ ತುದಿ ಕಾಲು ಮಡಚುವ ಅಡ್ಡಸರಳಿಗೆ ಒತ್ತಿ ನಿಂತಿತು, ಕೆಳಗಿನ ತುದಿಗೆ ಒಳಗಿನ ಕೊಳವೆ ಬಂದು ಮುಟ್ಟಿತು. ಇನ್ನು ಅದು ಜಾರಲು ಜಾಗವೇ ಇಲ್ಲ.

ಉಕ್ಕು ಹಿತ್ತಾಳೆಗಿಂತ ಸುಮಾರು ಎರಡು ಪಟ್ಟು ಬಿಗಿ. ಮೆತ್ತಗಾದ ಕೊಳವೆಯೊಳಗೆ 5 ಮಿ.ಮೀ. ಉಕ್ಕು ಕೂತರೆ ಆ ಭಾಗ ಬಾಗುವಿಕೆಯನ್ನು ಮೊದಲಿಗಿಂತ ಸುಮಾರು ಮೂರು ಪಟ್ಟು ತಡೆಯುತ್ತದೆ. ಎಪಾಕ್ಸಿ ಇಲ್ಲಿ ಎರಡು ಕೆಲಸ ಮಾಡುತ್ತದೆ: ಎರಡು ಲೋಹಗಳನ್ನು ಒಂದಾಗಿಸುತ್ತದೆ, ಉಪ್ಪುಗಾಳಿ ಒಳನುಗ್ಗಿ ಉಕ್ಕು ತುಕ್ಕು ಹಿಡಿಯದಂತೆ ಮುಚ್ಚುತ್ತದೆ. ಆದರೆ ಎಪಾಕ್ಸಿ ಶಾಖ ತಾಳುವುದಿಲ್ಲ. ಹೀಗಾಗಿ ಒಳಗಿನ ಕೊಳವೆಯನ್ನು ಈ ಬಾರಿ ಬೆಸೆಯಲಿಲ್ಲ. ತುದಿಯ ಕ್ರೋಮಿಯಂ ಉಜ್ಜಿ, ಎಪಾಕ್ಸಿಯಲ್ಲೇ ಕೂರಿಸಿ, ಎರಡೂ ಕೊಳವೆಗಳ ಮೂಲಕ ಒಂದೂವರೆ ಮಿ.ಮೀ. ತೂತು ಕೊರೆದು ಹಿತ್ತಾಳೆ ತಂತಿಯ ಮೊಳೆ ಹೊಡೆದೆ. ಬಲಗಾಲು ಸರಿಯಿದ್ದರೂ ಅದಕ್ಕೂ ಇದನ್ನೇ ಮಾಡಿದೆ. ಅದರ ಬೆಸುಗೆಯೂ ಅದೇ ಸಾಲ್ಡರ್, ಅದರ ಮೇಲೂ ಒಂದೂವರೆ ಕಿಲೋ ಭಾರ.

ಇತರ ಕೆಲವು ದೋಷಗಳು

ವಿಮಾನ ಬಾಲದ ಮೇಲೆ ಕೂರುತ್ತದೆ ಎಂಬುದು ಕಾಲಿನ ದೋಷವಲ್ಲ, ತೂಕದ ಹಂಚಿಕೆಯದು. ಅಡುಗೆಮನೆಯ ತಕ್ಕಡಿಯ ಮೇಲೆ ಮೂಗಿನ ಚಕ್ರ ಮಾತ್ರ ಇಟ್ಟು, ಮುಖ್ಯ ಚಕ್ರಗಳನ್ನು ಅದೇ ಎತ್ತರದ ಹಲಗೆಯ ಮೇಲೆ ನಿಲ್ಲಿಸಿ. ನನ್ನದರಲ್ಲಿ ತಕ್ಕಡಿ 340 ಗ್ರಾಂ ತೋರಿಸಿತು, ಅಂದರೆ ಒಟ್ಟು ತೂಕದ ಹತ್ತನೆಯ ಒಂದು ಪಾಲು. ಮೂಗಿನ ಕಾಲಿಗೂ ಮುಖ್ಯ ಕಾಲಿಗೂ ನಡುವೆ 310 ಮಿ.ಮೀ. ಇರುವುದರಿಂದ ಗುರುತ್ವ ಕೇಂದ್ರ ಮುಖ್ಯ ಕಾಲಿನಿಂದ 31 ಮಿ.ಮೀ. ಮುಂದಿದೆ. ಇಷ್ಟಿದ್ದರೆ ನಿಶ್ಚಿಂತೆ. ತಕ್ಕಡಿ ಇದರ ಅರ್ಧಕ್ಕಿಂತ ಕಡಿಮೆ ತೋರಿಸಿದರೆ ಮೂಗಿನಲ್ಲಿ ಸೀಸ ಸೇರಿಸಿ, ಆದರೆ ಸೇರಿಸಿದ ತೂಕವನ್ನೂ ಕಾಲು ಹೊರಬೇಕು ಎಂಬುದು ಲೆಕ್ಕದಲ್ಲಿರಲಿ.

ವಿಮಾನ ಎರಡೂ ಕಡೆ ಒಂದೇ ಸಮ ಎತ್ತರವಾಗಿ, ಕೊಕ್ಕರೆಯಂತೆ ನಿಂತಿದ್ದರೆ ಅಳತೆ ತೆಗೆದ ಚಿತ್ರವನ್ನು ಮತ್ತೆ ನೋಡಿ. ನೆಲ ಬಿಟ್ಟ ವಿಮಾನದ ಕಾಲು ಪೂರ್ತಿ ಚಾಚಿರುತ್ತದೆ. ನಿಂತ ವಿಮಾನದಲ್ಲಿ ಅದು ಭಾರಕ್ಕೆ ಒಳಸರಿದಿರುತ್ತದೆ. ಏರುತ್ತಿರುವ ವಿಮಾನದ ಚಿತ್ರದಿಂದ ಕಾಲು ಮಾಡಿ, ಅದನ್ನು ಮೇಜಿನ ಮೇಲೆ ನಿಲ್ಲಿಸಿದರೆ ತಪ್ಪು ಎದ್ದು ಕಾಣುತ್ತದೆ.

ನಾಲ್ಕು ಚಕ್ರಗಳಲ್ಲಿ ಒಂದು ತೇಲುತ್ತಿದೆಯೇ ಎಂದು ತಿಳಿಯಲು ಪ್ರತಿ ಚಕ್ರದ ಕೆಳಗೂ ಒಂದು ಕಾಗದದ ಚೂರು ಇಟ್ಟು ಎಳೆಯಿರಿ. ಸಲೀಸಾಗಿ ಬಂದ ಚೂರಿನ ಚಕ್ರ ನೆಲ ಮುಟ್ಟಿಲ್ಲ. ಅಚ್ಚನ್ನು ಬಗ್ಗಿಸಿ ಸರಿಮಾಡಲು ಹೋಗಬೇಡಿ. ಅಚ್ಚಿನ ತೂತನ್ನು ಸ್ವಲ್ಪ ಸಡಿಲ ಮಾಡಿ, ಎಪಾಕ್ಸಿ ಹಚ್ಚಿ, ವಿಮಾನದ ಪೂರ್ತಿ ಭಾರ ಬಿಟ್ಟು ಗಾಜಿನ ಮೇಲೆ ಒಂದು ರಾತ್ರಿ ನಿಲ್ಲಿಸಿದರೆ ಚಕ್ರಗಳು ತಾವಾಗಿಯೇ ಸಮವಾಗುತ್ತವೆ.

ಕರಾವಳಿಯಲ್ಲಿ ಬಣ್ಣವೂ ದೋಷ ಹೇಳುತ್ತದೆ. ಬೆಸುಗೆಯ ಸುತ್ತ ಹಸಿರು ಜಿಗುಟು ಕಂಡರೆ ಆಮ್ಲದ ಫ್ಲಕ್ಸ್ ತೊಳೆದಿಲ್ಲ ಎಂದರ್ಥ. ಸತು ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಂಡು ಮಳೆಗಾಲವಿಡೀ ಲೋಹವನ್ನು ತಿನ್ನುತ್ತದೆ. ಅಡುಗೆ ಸೋಡಾ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿಸಿ. ಹಿತ್ತಾಳೆ ಅಚ್ಚಿಗೆ ಅಲ್ಯೂಮಿನಿಯಂ ಚಕ್ರ ಹಾಕಿದ್ದರೆ ಕೂಡುವ ಜಾಗದಲ್ಲಿ ಬಿಳಿ ಪುಡಿ ಏಳುತ್ತದೆ. ಉಪ್ಪಿನ ತೇವದಲ್ಲಿ ಎರಡು ಲೋಹ ಮುಟ್ಟಿದರೆ ಅಲ್ಯೂಮಿನಿಯಂ ಸವೆಯುತ್ತದೆ, ನಡುವೆ ಪ್ಲಾಸ್ಟಿಕ್ ಕೊಳವೆಯ ತೆಳು ಉಂಗುರ ಹಾಕಬೇಕು. ಹಿತ್ತಾಳೆಯ ಮೇಲೆ ಗುಲಾಬಿ ಬಣ್ಣ ಬಂದರೆ ಮೇಲ್ಮೈಯ ಸತು ಹೋಗಿ ತಾಮ್ರ ಉಳಿದಿದೆ ಎಂದು ತಿಳಿಯಿರಿ. ದೇವರ ದೀಪ ಬೆಳಗುವಂತೆ ಹುಣಸೆಹುಳಿ ಹಚ್ಚಿ ಕಾಲನ್ನು ಬೆಳಗುವುದು ತಪ್ಪಲ್ಲ, ರಾತ್ರಿಯಿಡೀ ಹುಳಿಯಲ್ಲೇ ನೆನೆಹಾಕುವುದು ತಪ್ಪು.

ಬೆಸುಗೆಯಿಲ್ಲದ ಜಾಗದಲ್ಲಿ ಕೊಳವೆ ಉದ್ದಕ್ಕೆ ಸೀಳಿದರೆ ಅದು ಬೇರೆಯೇ ಕಥೆ. ಬ್ರಿಟಿಷರ ಕಾಲದಲ್ಲಿ ಭಾರತದ ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ಯಾರೂ ಮುಟ್ಟದೆಯೇ ಬಿರಿಯುತ್ತಿದ್ದವು. ಲಾಯದ ಅಮೋನಿಯವೂ ತೋಟಾ ತಯಾರಿಸುವಾಗ ಲೋಹದೊಳಗೆ ಉಳಿದ ಬಿಗಿತವೂ ಸೇರಿ ಹೀಗಾಗುತ್ತದೆ ಎಂಬ ವಿವರಣೆ 1921ರಲ್ಲಿ ಬಂತು. ತಣ್ಣಗೆ ಬಗ್ಗಿಸಿದ ಹಿತ್ತಾಳೆ ಕಾಲಿನಲ್ಲಿ ಅದೇ ಬಿಗಿತ ಇರುತ್ತದೆ. ಆದ್ದರಿಂದ ಅಮೋನಿಯ ಬೆರೆತ ಗಾಜು ಒರೆಸುವ ದ್ರವವನ್ನು ಮಾದರಿಯ ಹತ್ತಿರ ತರಬೇಡಿ, ಕೊಟ್ಟಿಗೆಗೆ ತಾಗಿದ ಕೋಣೆಯಲ್ಲಿ ಇಡಬೇಡಿ. ಬಿರುಕು ಇದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಸೀಮೆಎಣ್ಣೆ ಸಾಕು. ಅನುಮಾನದ ಜಾಗಕ್ಕೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ನುಣುಪು ಪುಡಿ ಉದುರಿಸಿ. ಬಿರುಕಿನಲ್ಲಿ ಅವಿತ ಎಣ್ಣೆ ಪುಡಿಗೆ ಏರಿ, ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಅಂಥ ಕೊಳವೆಯನ್ನು ರಿಪೇರಿ ಮಾಡುವುದರಲ್ಲಿ ಅರ್ಥವಿಲ್ಲ, ಹೊಸದು ಹಾಕಿ.

ನನ್ನ ಟಿಯು-142 ರಿಪೇರಿಯಾದ ದಿನ ಬಲತುದಿ 140 ಮಿ.ಮೀ., ಎಡತುದಿ 139.5 ಮಿ.ಮೀ. ಇತ್ತು. ಚೌತಿಯವರೆಗೂ ದಿನವೂ ಅಳೆದೆ, ಎರಡೂ ಅಂಕಿ ಕದಲಲಿಲ್ಲ. ಉಳಿದ ಅರ್ಧ ಮಿ.ಮೀ. ಎಡಗಾಲಿನ ಹಿಂದಿನ ಹೊರಚಕ್ರದ್ದು, ಅದರ ರಬ್ಬರು ಒಂದು ಕಡೆ ತುಸು ಚಪ್ಪಟೆಯಾಗಿದೆ. ಚಕ್ರವನ್ನು ಕಾಲು ಸುತ್ತು ತಿರುಗಿಸಿ ಇಟ್ಟಾಗ ಎರಡೂ ತುದಿ 140ಕ್ಕೆ ಬಂದವು.